ಒಬ್ಬನೇ ಎತ್ತುವ ಲಿಫ್ಟು

“ಹೊಟ್ಟಿ ನೆಲಕ್ಕ ತಾಗೂ ಗಾಡಿ ತಗೊಂಡು, ಅದರ ಬುಡಕ ಲಿಫ್ಟ್ ಹೋಗವಲ್ದು ಅಂತ ಅಂಗಡಿಯವರ ಮ್ಯಾಲ ಒದರಿದ್ರ ಹೆಂಗ್ರಿ?”

ಮುಂಡರಗಿಯ ಇಲಿಯಾಸನ ಬಿಡಿಭಾಗಗಳ ಅಂಗಡಿಯ ಮುಂದೆ ಮಂಜುಳಾ ಗಂಡನನ್ನು ಕೇಳಿದಳು. ಬೈಕನ್ನು ನೆಲದಿಂದ ಎತ್ತಿ ನಿಲ್ಲಿಸುವ ಲಿಫ್ಟು ಕೊಳ್ಳಲು ಬಂದಿದ್ದ ಗಂಡ ಫಕೀರೇಶ ಮಂಡಿಯೂರಿ ತನ್ನ ತಗ್ಗು ಬೈಕಿನ ಕೆಳಗೆ ಇಣುಕುತ್ತಿದ್ದ. ಈ ಬೈಕಿಗೆ ಡಬಲ್ ಸ್ಟ್ಯಾಂಡ್ ಇಲ್ಲ. ಚೈನಿಗೆ ಎಣ್ಣೆ ಹಾಕಬೇಕೆಂದರೆ ಯಾರಾದರೂ ಹಿಂದಿನ ಗಾಲಿ ಎತ್ತಿ ಹಿಡಿಯಬೇಕು. ಹಿಡಿಯುತ್ತಿದ್ದವನು ಅಣ್ಣ ಪುಂಡಲೀಕಪ್ಪ. ಒಮ್ಮೆ ಫೋನ್ ಬಂತೆಂದು ಅವನು ಕೈಬಿಟ್ಟ, ಬೈಕು ಬಿತ್ತು, ಕನ್ನಡಿ ಒಡೆಯಿತು. ಅಂದಿನಿಂದ ಅಣ್ಣ-ತಮ್ಮಂದಿರಿಗೆ ಮಾತಿಲ್ಲ. ಅಂಗೈಯಗಲದ ಕನ್ನಡಿಗೆ ಒಡಹುಟ್ಟಿದವನನ್ನೇ ಬಿಡುವ ಘನವಂತರು ನಮ್ಮ ಸೀಮೆಯಲ್ಲಿ ಕಡಿಮೆಯೇನಿಲ್ಲ.

ಇಲಿಯಾಸ: ತಡೀರಿ ಅಣ್ಣಾರ. ಇದು ಚಪ್ಪಟ್ಟಿ ಲಿಫ್ಟ್, ರೊಟ್ಟಿ ಹಂಚಿನಷ್ಟ ದಪ್ಪ. ಇದು ಹೋಗ್ತೈತಿ.

ಹೋಯಿತು. ಫಕೀರೇಶ ಮೀಸೆಯ ಮೇಲೆ ಕೈಯಾಡಿಸಿದ.

ಫಕೀರೇಶ: ನೋಡಿದ್ಯಾ? ಇನ್ನ ಯಾರ ಹಂಗೂ ಬ್ಯಾಡ!

ಇಲಿಯಾಸ: ಹಾಂ, ಈಗ ಒಬ್ರು ಗಾಡಿ ನೆಟ್ಟಗ ಹಿಡೀರಿ, ನಾ ಹಿಡಿಕಿ ಒತ್ತತೇನಿ.

ಫಕೀರೇಶ: ಹಿಡಿಯೂದ್ಯಾಕ?

ಇಲಿಯಾಸ: ಹಿಡೀಲಿಲ್ಲಂದ್ರ ಮಕಾಡೆ ಬೀಳತೈತ್ರಿ.

ಫಕೀರೇಶ: ಒಬ್ಬಾಂವ ಎತ್ತೂ ಅಂಥಾದ್ದು ಇಲ್ಲೇನು?

ಇಲಿಯಾಸ: ಐತ್ರಿ. ಮಂಚದಷ್ಟ ದೊಡ್ಡದು, ನೆಲಕ್ಕ ಬೋಲ್ಟ್ ಹಾಕಿ ಕುಂದ್ರಸಬೇಕು. ನೀವು ಕೈಯಾಗ ಒಯ್ಯೂದು ಬೇಕಂದ್ರಿ.

ಮಂಜುಳಾ: ಚಲೋ ಆತು. ಮೊದಲ ಬರೇ ಭಾವಾರನ್ನ ಕರೀಬೇಕಿತ್ತು. ಈಗ ಲಿಫ್ಟ್ ತಗೊಂಡು ಭಾವಾರನ್ನ ಕರೀಬೇಕು.

ಫಕೀರೇಶ: ನೀ ಹಿಡಿ.

ಮಂಜುಳಾ: ನಾನಾ? ಗಾಡಿ ಹತ್ತೂ ಮುಂದ ‘ಗೀಚು ಬೀಳತೈತಿ, ಬಳಿ ತಗಿ’ ಅಂತೀರಿ. ನನ್ನ ಕೈಯಾಗ ಏನರ ಒಡೀತಂದ್ರ ನನ್ನ ಕೂಡಾನೂ ಮಾತ ಬಿಡ್ತೀರಿ. ಆಮ್ಯಾಲ ನಿಮಗ ಮಾತಾಡಾಕ ಈ ಗಾಡಿ ಒಂದ ಉಳೀತೈತಿ.

ಇಲಿಯಾಸ ಕೆಮ್ಮಿದಂತೆ ಮಾಡಿ ನಗು ನುಂಗಿದ.

ಇಲಿಯಾಸ: ಸಿಟ್ಟಾಗಬ್ಯಾಡ್ರಿ ಅಣ್ಣಾರ. ಹ್ವಾದ ವಾರ ನಿಮ್ಮ ಡೋಣಿ ಊರವರ ಒಬ್ರು ಇದ ಲಿಫ್ಟ್ ಒಯ್ದ್ರು. ಗಾಡಿನೂ ಇಂಥಾದ್ದ, ಮಾತೂ ಇಂಥಾದ್ದ. ‘ಯಾರ ಹಂಗೂ ಬ್ಯಾಡ’ ಅಂದ್ರು.

ಫಕೀರೇಶ: ಡೋಣ್ಯಾಗ ಇಂಥಾ ಗಾಡಿ ಎರಡ ಅದಾವು. ಒಂದು ನಂದು...

ಇನ್ನೊಂದು ಅಣ್ಣನದು. ಅಣ್ಣ-ತಮ್ಮ ಒಂದೇ ದಿನ, ಒಂದೇ ಬಣ್ಣದ ಜೋಡಿ ಬೈಕು ತಂದಿದ್ದರು.

ಇಲಿಯಾಸ: ‘ಲಿಫ್ಟ್ ಐತಿ, ಗಾಡಿ ಹಿಡಿಯೋರಿಲ್ಲ, ನೀನ ಬಾ’ ಅಂತ ಮುಂಜಾನೆ ಫೋನ್ ಮಾಡಿದ್ರು. ‘ನಿಮ್ಮ ತಮ್ಮಗ ಹೇಳ್ರಿ’ ಅಂದೆ.

ಫಕೀರೇಶ: ನಾ ಹೋಗ್ತಿದ್ದೆ ಬಿಡು. ಅಂವಾ ಮೊದಲ ಕರೀಲಿ.

ಇಲಿಯಾಸ: ಅವರೂ ಇದನ್ನ ಅಂದ್ರು.

ಮಂಜುಳಾಳ ತಾಳ್ಮೆ ಮುಗಿಯಿತು. ಗಂಡ ಬೇಡವೆನ್ನುವಷ್ಟರಲ್ಲಿ ಫೋನು ಹಚ್ಚಿ ಸ್ಪೀಕರ್ ಒತ್ತಿದಳು.

ಮಂಜುಳಾ: ಭಾವಾರ, ಸಂಜೀಕ ನಿಮ್ಮ ತಮ್ಮ ನಿಮ್ಮ ಗಾಡಿ ಹಿಡಿಯಾಕ ಬರ್ತಾರಂತ್ರಿ.

ಫಕೀರೇಶ: ಲೇ, ನಾ ಯಾವಾಗ ಅಂದೆ?



ಪುಂಡಲೀಕಪ್ಪ: ಬರಲವ್ವಾ. ಅವನ ಗಾಡೀನೂ ತರಲಿ. ಚೈನ್ ಒಣಗಿ ಕೀಂಯ್ ಅನ್ನೂದು ನಮ್ಮ ಮನೀತನಾ ಕೇಳತೈತಿ. ದಿನಾ ಕೇಳಿ ಕೇಳಿ ಸಂಕಟ ಆಗತೈತಿ.

ಫಕೀರೇಶನ ಬಿಗುಮಾನವೆಲ್ಲ ಇಳಿಯಿತು. ಅವನಿಗೂ ಅಷ್ಟೇ ಸಂಕಟವಿತ್ತು, ಹೇಳಿಕೊಳ್ಳುವ ಧೈರ್ಯವಿರಲಿಲ್ಲ, ಅಷ್ಟೆ. ಫೋನಿನ ಹತ್ತಿರ ಬಾಗಿದ.

ಫಕೀರೇಶ: ಬರ್ತೇನಿ ಅಣ್ಣಾ. ಲಿಫ್ಟ್ ತರಲೇನು?

ಪುಂಡಲೀಕಪ್ಪ: ಬ್ಯಾಡೋ ಮಾರಾಯಾ. ಕೆಲಸಕ್ಕ ಬಾರದ್ದು ಒಂದು ಇಲ್ಲೇ ಬಿದ್ದೈತಿ.

ಇಲಿಯಾಸ: ಅಣ್ಣಾರ, ಸಣ್ಣಗ ಮಾತಾಡ್ರಿ! ಅಂಗಡ್ಯಾಗ ಬ್ಯಾರೆ ಗಿರಾಕಿ ಅದಾರ!